26 ಅಕ್ಷರವೋ, 52 ಅಕ್ಷರವೋ?

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ನನ್ನ ಮಗಳು ಮೊಮ್ಮಗನ ಕಾಪಿಯನ್ನು ತಂದು ನನ್ನ ಮುಂದಿಟ್ಟಳು. ಹುಡುಗನಿಗೆ ಇನ್ನೂ ಐದು ತುಂಬಿಲ್ಲ. ಪುಟದ ಎಡಕ್ಕೆ ದೊಡ್ಡ ಎಬಿಸಿಡಿ, ಬಲಕ್ಕೆ ಹಿಂದುಮುಂದಾಗಿ ಚೆಲ್ಲಿದ ಸಣ್ಣ ಎಬಿಸಿಡಿ. ಗೆರೆ ಎಳೆದು ಜೋಡಿ ಮಾಡಬೇಕು. ನಮ್ಮವನು ದೊಡ್ಡ ಡಿಯಿಂದ ಹೊರಟ ಗೆರೆಯನ್ನು ಸಣ್ಣ ಬಿಗೆ ಮುಟ್ಟಿಸಿದ್ದ. ಅದಕ್ಕೆ ಕೆಂಪು ಶಾಯಿಯ ಸುತ್ತು. ದೊಡ್ಡ ಐ ಅಕ್ಷರವನ್ನು ಸಣ್ಣ ಎಲ್ ಅಕ್ಷರಕ್ಕೆ ಗಂಟು ಹಾಕಿದ್ದ. ಅದಕ್ಕೂ ಸುತ್ತು. "ಅವ್ವಾ, ಇವನ ತಲೆಗೆ ಹತ್ತುತ್ತಲೇ ಇಲ್ಲ ನೋಡು" ಎಂದಳು ಮಗಳು.

ನಾನು ಆ ಪುಟವನ್ನು ಎರಡು ಸಲ ನೋಡಿದೆ. ತಪ್ಪೇನೋ ತಪ್ಪೇ. ಆದರೆ ಕಣ್ಣಿಟ್ಟು ನೋಡಿ ಮಾಡಿದ ತಪ್ಪು. ದೊಡ್ಡ ಡಿಗೆ ನೆಟ್ಟಗೆ ಒಂದು ಕೋಲು, ಬಲಕ್ಕೆ ಒಂದು ಹೊಟ್ಟೆ. ಸಣ್ಣ ಬಿಗೂ ನೆಟ್ಟಗೆ ಕೋಲು, ಬಲಕ್ಕೆ ಹೊಟ್ಟೆ. ಸಣ್ಣ ಡಿಯ ಹೊಟ್ಟೆ ಇರುವುದು ಎಡಕ್ಕೆ. ಆಕಾರ ನೋಡಿ ಜೋಡಿಸು ಎಂದರೆ ಬುದ್ಧಿಯಿದ್ದ ಹುಡುಗ ಮಾಡುವುದು ಇದನ್ನೇ. ಇನ್ನು ದೊಡ್ಡ ಐ, ಸಣ್ಣ ಎಲ್ ಎರಡೂ ಎಷ್ಟೋ ಅಚ್ಚುಗಳಲ್ಲಿ ಬರೀ ಒಂದೊಂದು ಕೋಲು. ಯಾವುದು ಯಾರೆಂದು ನನಗೂ ಹೇಳಲಾಗದು.

ಸೇಡಂ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದನೇ ತರಗತಿಯ ಮಕ್ಕಳ ನಡುವೆ ನನ್ನ ನೌಕರಿಯೆಲ್ಲ ಕಳೆದಿದೆ. ಅಲ್ಲಿ ಕಂಡದ್ದನ್ನೇ ಇವತ್ತು ಹೇಳುತ್ತೇನೆ. ನಾವು ಮೊದಲು ಮಕ್ಕಳಿಗೆ ದೊಡ್ಡ ಅಕ್ಷರಗಳನ್ನು ಹಾಡಿಸಿ, ತೀಡಿಸಿ, ವರ್ಷಗಟ್ಟಲೆ ಉರು ಹೊಡೆಸುತ್ತೇವೆ. ಆಮೇಲೆ ಒಂದು ದಿನ ಹೊಸ ಪಟ್ಟಿ ತಂದು, ಇವು ಸಣ್ಣವು, ಇವನ್ನೂ ಕಲಿ ಎನ್ನುತ್ತೇವೆ. ಮಗುವಿನ ಲೆಕ್ಕದಲ್ಲಿ 26 ಇದ್ದದ್ದು 52 ಆಗುತ್ತದೆ. ಅದೇ ಎ ಅಂಗಿ ಬದಲಿಸಿ ಬಂದಿದೆ ಎಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಈ ಅಂಗಿ ಬದಲಿಸುವ ಉಸಾಬರಿ ಬಂದದ್ದಾದರೂ ಎಲ್ಲಿಂದ? ಹಿಂದಿನ ರೋಮನ್ನರ ಶಾಸನಗಳಲ್ಲಿ ಇದ್ದದ್ದು ದೊಡ್ಡ ಅಕ್ಷರಗಳೇ. ಕಲ್ಲಿನ ಮೇಲೆ ಉಳಿಯಿಂದ ಕೆತ್ತಲು ನೆಟ್ಟನೆಯ ಗೆರೆ ಅನುಕೂಲ. ಲೇಖನಿ ಹಿಡಿದು ಬೇಗ ಬೇಗ ಬರೆಯುವಾಗ ಕೋನಗಳು ಸವೆದು ಗುಂಡಗಾದವು, ಬಾಲಗಳು ಮೂಡಿದವು. ಎಂಟನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ಶಾರ್ಲಮೇನ್ ಎಂಬ ದೊರೆಯ ಸೀಮೆಯ ಲಿಪಿಕಾರರು ಅದಕ್ಕೊಂದು ಅಚ್ಚುಕಟ್ಟು ತಂದರು. ಇಂದಿನ ಸಣ್ಣ ಎಬಿಸಿಡಿ ಆ ಬಳ್ಳಿಯದೇ. ಆ ದೊರೆ ತೀರಿಕೊಂಡದ್ದು 814ರಲ್ಲಿ. ಅದೇ ವರ್ಷದ ಸುಮಾರಿಗೆ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ಪಟ್ಟಕ್ಕೆ ಬಂದ. ಅವನು ಆಳಿದ ಮಾನ್ಯಖೇಟ, ಅಂದರೆ ಮಳಖೇಡ, ನಾನು ಪಾಠ ಹೇಳಿದ ಸೇಡಂ ತಾಲ್ಲೂಕಿನಲ್ಲೇ ಇದೆ. ಕವಿರಾಜಮಾರ್ಗ ಹುಟ್ಟಿದ್ದೂ ಅವನ ಆಸ್ಥಾನದಲ್ಲಿ. ಅಲ್ಲಿ ಸಣ್ಣ ಅಕ್ಷರ ರೂಢಿಯಾಗುತ್ತಿದ್ದ ಕಾಲದಲ್ಲಿ ಇಲ್ಲಿ ಕನ್ನಡದ ಲಕ್ಷಣಗ್ರಂಥ. ನಮ್ಮವರು ಮಾತ್ರ ದೊಡ್ಡದು ಸಣ್ಣದು ಎಂಬ ಭೇದಕ್ಕೆ ಹೋಗಲಿಲ್ಲ. ಮಕ್ಕಳ ಪುಣ್ಯ.

ಅಪ್ಪರ್ ಕೇಸ್, ಲೋವರ್ ಕೇಸ್ ಎಂಬ ಹೆಸರುಗಳಂತೂ ಅಚ್ಚುಕೂಟದವು. ನನ್ನ ಸೋದರಮಾವ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತಿದ್ದರು. ಖಾನೆ ಖಾನೆಗಳಿದ್ದ ಎರಡು ಮರದ ಪೆಟ್ಟಿಗೆಗಳು ಓರೆಯಾಗಿ ಅವರೆದುರು ಇರುತ್ತಿದ್ದವು. ಮೇಲಿನದರಲ್ಲಿ ದೊಡ್ಡ ಅಕ್ಷರದ ಮೊಳೆ, ಕೈಗೆ ಹತ್ತಿರವಿದ್ದ ಕೆಳಗಿನದರಲ್ಲಿ ಸಣ್ಣವು. ಕೇಸ್ ಎಂದರೆ ಆ ಪೆಟ್ಟಿಗೆ, ಅಷ್ಟೇ. ಸಣ್ಣವು ಕೈಗೆ ಹತ್ತಿರ ಏಕೆ? ಹೆಚ್ಚು ಬೇಕಾಗುವುದು ಅವೇ. ಇಂಗ್ಲಿಷ್ ಪುಸ್ತಕದ ಯಾವ ಪುಟವನ್ನಾದರೂ ತೆರೆಯಿರಿ, ವಾಕ್ಯದ ಮೊದಲಿಗೆ, ಹೆಸರಿನ ಮೊದಲಿಗೆ ಒಂದೊಂದು ದೊಡ್ಡದು. ಉಳಿದದ್ದೆಲ್ಲ ಸಣ್ಣವುಗಳ ಸಂತೆ. ಆದರೂ ನಾವು ಸಣ್ಣವನ್ನು ಕೊನೆಗೆ ಕಲಿಸುತ್ತೇವೆ!

ನಮ್ಮ ಭಾಗದ ಮಕ್ಕಳಿಗೆ ಇದು ತೀರಾ ಹೊಸದೇನೂ ಅಲ್ಲ. ಅಕ್ಕ, ಅಪ್ಪ, ಹಗ್ಗ ಎಂದು ಬರೆಯುವಾಗ ಕೆಳಗಿನ ಒತ್ತು ಮೇಲಿನ ಅಕ್ಷರದ ತಮ್ಮನ ಹಾಗೆ ಇರುತ್ತದೆ, ತಲೆಕಟ್ಟು ಮಾತ್ರ ಇಲ್ಲ. ಅತ್ತೆ, ಅಮ್ಮ, ಅನ್ನ ಎಂದು ಬರೆಯುವಾಗ ಒತ್ತಿಗೂ ಮೂಲಕ್ಕೂ ಮುಖ ಹೊಂದುವುದೇ ಇಲ್ಲ. ಆದರೂ ತ ಒತ್ತು ಬೇರೆ ಅಕ್ಷರ ಎಂದು ಯಾವ ಮಗುವೂ ತಿಳಿಯುವುದಿಲ್ಲ. ಕಲಬುರಗಿಯಲ್ಲಿ, ಬೀದರಿನಲ್ಲಿ ಉರ್ದು ಓದುವ ಮಕ್ಕಳನ್ನು ಕೇಳಿ. ಬೇ ಎಂಬ ಅಕ್ಷರ ಒಂಟಿಯಾಗಿದ್ದರೆ ದೋಣಿಯಂತೆ ಉದ್ದಕ್ಕೆ ಮಲಗಿರುತ್ತದೆ. ಪದದ ಮೊದಲಿಗೆ ಬಂದರೆ ಗಿಡ್ಡ ಹಲ್ಲಿನಂತೆ ಎದ್ದು ನಿಲ್ಲುತ್ತದೆ, ಕೆಳಗಿನ ಚುಕ್ಕೆ ಮಾತ್ರ ಅದೇ. ಒಂದೇ ದನಿಗೆ ಎರಡು ರೂಪ ಎಂಬುದು ಆ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸು. ಇಂಗ್ಲಿಷ್ ಪಾಠದಲ್ಲಿ ಇದನ್ನು ನೆನಪಿಸುವ ಮೇಷ್ಟ್ರುಗಳನ್ನು ನಾನು ಕಂಡದ್ದು ಕಡಿಮೆ.

ಈಗ ಕೆಲಸದ ಮಾತು. ಕೈಗೆ ಪೆನ್ನು ಸಿಕ್ಕರೆ ಬರೆದುಕೊಂಡೇ ಕೇಳಿ.

ಎಯಿಂದ ಜಡ್‌ವರೆಗೆ ಸಾಲಾಗಿ ಹೋಗಬೇಡಿ, ಮಗುವಿನ ಹೆಸರಿನಿಂದ ಶುರು ಮಾಡಿ. ಅನಿತಾ ಎಂಬ ಹುಡುಗಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಮೊದಲಿಗೆ ದೊಡ್ಡ ಎ, ಕೊನೆಗೆ ಸಣ್ಣ ಎ. ಅಮೀನಾ ಬರೆದರೂ ಹಾಗೆಯೇ. ಜೋಡಿ ಹೆಸರಿನೊಳಗೇ ಕುಳಿತಿದೆ. ಹೆಸರು ಮುಗಿದ ಮೇಲೆ ಸುಲಭದ ಏಳು ಜೋಡಿ: ಸಿ, ಒ, ಎಸ್, ವಿ, ಡಬ್ಲ್ಯೂ, ಎಕ್ಸ್, ಜಡ್. ಇವುಗಳಲ್ಲಿ ದೊಡ್ಡದನ್ನು ಕುಗ್ಗಿಸಿದರೆ ಸಣ್ಣದಾಯಿತು. ಒಂದೇ ಸಂಜೆಯಲ್ಲಿ ಮಗು ಏಳನ್ನು ಗೆದ್ದುಬಿಡುತ್ತದೆ, ಮುಖ ನೋಡಬೇಕು ಆಗ. ಕೆ, ಪಿ, ಯು ಇವುಗಳಲ್ಲಿ ಕೊಂಚವೇ ಹೆಚ್ಚುಕಡಿಮೆ. ಎ, ಡಿ, ಇ, ಜಿ, ಕ್ಯೂ, ಆರ್ ಈ ಆರು ಮಾತ್ರ ತಾಯಿಗೂ ಮಗುವಿಗೂ ಮುಖ ಹೊಂದದ ಜಾತಿ. ಇವಕ್ಕೆ ದಿನಗಳು ಬೇಕು. ಇಲ್ಲಿ ಆಕಾರ ನೋಡು ಎನ್ನಬೇಡಿ, ಹೆಸರು ಕೂಗಿಸಿ. ಎರಡನ್ನೂ ಮುಟ್ಟಿ ಮುಟ್ಟಿ ಅದೇ ಹೆಸರನ್ನು ಕೂಗಬೇಕು.

ಬಿ, ಡಿ ಜಗಳಕ್ಕೆ ಬರುತ್ತೇನೆ. ಮಗು ಹುಟ್ಟಿದಂದಿನಿಂದ ನೋಡಿದ ಚೆಂಬು ಎಡಕ್ಕೆ ತಿರುಗಿದರೂ ಚೆಂಬು, ಬಲಕ್ಕೆ ತಿರುಗಿದರೂ ಚೆಂಬು. ದಿಕ್ಕು ಬದಲಾದರೆ ಹೆಸರೇ ಬದಲಾಗುವ ವಸ್ತು ಅದರ ಬಾಳಿನಲ್ಲಿ ಮೊದಲು ಸಿಗುವುದು ಈ ಅಕ್ಷರಗಳಲ್ಲಿ. ಆರು ಏಳು ವರ್ಷದವರೆಗೆ ತಿರುಗುಮುರುಗಾಗಿ ಬರೆಯುವುದು ಸಾಮಾನ್ಯ, ಗಾಬರಿ ಬೇಡ. ಅದರ ಆಚೆಗೂ ಮುಂದುವರಿದು ಓದಿಗೇ ತೊಡಕಾದರೆ ಬಲ್ಲವರಿಗೆ ತೋರಿಸಿ.

ನಮ್ಮ ಮನೆಯ ನೆಲ ಶಹಾಬಾದ ಕಲ್ಲಿನದು, ಈ ಕಡೆಯ ಹಳೆಯ ಮನೆಗಳಲ್ಲಿ ಇರುವಂಥದ್ದೇ. ಅದಕ್ಕಿಂತ ದೊಡ್ಡ ಪಾಟಿ ಎಲ್ಲಿ ಸಿಗಬೇಕು? ಮೊಮ್ಮಗನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಸೀಮೆಸುಣ್ಣದಿಂದ ಕಲ್ಲಿನ ತುಂಬ ದೊಡ್ಡ ಬಿ ಬರೆದೆ. ಅದಕ್ಕೆ ಎರಡು ಹೊಟ್ಟೆ. ಒದ್ದೆ ಬಟ್ಟೆ ಅವನ ಕೈಗೆ ಕೊಟ್ಟು, ಮೇಲಿನ ಹೊಟ್ಟೆ ಒರೆಸು ಎಂದೆ. ಒರೆಸಿದ. ಉಳಿದದ್ದು ಸಣ್ಣ ಬಿ. ಹುಡುಗ ಬಟ್ಟೆ ಹಿಡಿದುಕೊಂಡು ಸುಮ್ಮನೆ ನೋಡುತ್ತಾ ಕುಳಿತ. ಆಮೇಲೆ "ಇದು ಒಳಗೇ ಇತ್ತಾ?" ಎಂದು ಕೇಳಿದ. ಇನ್ನೊಮ್ಮೆ ಬರೆ, ಇನ್ನೊಮ್ಮೆ ಒರೆಸು. ಅವತ್ತು ಅರ್ಧ ಪಡಸಾಲೆ ಒದ್ದೆ. ದೊಡ್ಡ ಎಚ್‌ಗೂ ಇದೇ ಉಪಾಯ: ಬಲಗಡೆಯ ಕೋಲಿನ ಮೇಲರ್ಧ ಒರೆಸಿದರೆ ಹೆಚ್ಚುಕಡಿಮೆ ಸಣ್ಣ ಎಚ್ ಕಾಣಿಸುತ್ತದೆ.

ಸಣ್ಣ ಡಿ ಹೀಗೆ ದೊಡ್ಡ ಡಿಯ ಒಳಗಿನಿಂದ ಸಿಗುವುದಿಲ್ಲ. ಅದಕ್ಕೆ ಮೊದಲು ಸಣ್ಣ ಸಿ ಬರೆಸಿ, ಬಾಯಿಗೆ ಕೋಲು ಹಚ್ಚಿಸಿ. ಸಿ ಆದ ಮೇಲೆ ಡಿ, ಹಾಡಿನಲ್ಲೂ ಅದೇ ಸರದಿ. ಅದರ ಮೇಲೆ ನಾನು ಒಂದು ಊರಿನ ಹೆಸರು ಬರೆಸುತ್ತೇನೆ: ಬೀದರ್. ಇಂಗ್ಲಿಷಿನಲ್ಲಿ ಅದರ ಮೊದಲ ಮೂರು ಅಕ್ಷರ ಬಿ, ಐ, ಡಿ. ಮೂರನ್ನೂ ಸಣ್ಣದಾಗಿ ಬರೆದು ನೋಡಿ. ಬಿ ಬಲಕ್ಕೆ ಮುಖ ಮಾಡಿದೆ, ಡಿ ಎಡಕ್ಕೆ. ಇಬ್ಬರು ಹೊಟ್ಟೆಬಾಕರು ಎದುರುಬದುರು ನಿಂತಿದ್ದಾರೆ, ನಡುವೆ ತಲೆಯ ಮೇಲೆ ಚುಕ್ಕೆ ಹೊತ್ತ ಐ ಜಗಳ ಬಿಡಿಸುತ್ತಿದೆ. ಊರಿನ ಹೆಸರಾದ್ದರಿಂದ ಮೊದಲ ಬಿ ದೊಡ್ಡದಿರಬೇಕು ಎಂದು ನೀವು ಹೇಳುವುದು ಸರಿ. ಆಟ ಮುಗಿದ ಮೇಲೆ ಆ ಮಾತೂ ಹೇಳಿಕೊಡಿ. ಯಾದಗಿರಿ ಬರೆಸಿದರೆ ಜಿ ಗೆರೆಯ ಕೆಳಗೆ ಕಾಲು ಇಳಿಬಿಡುತ್ತದೆ. ಸಣ್ಣ ಜಿ, ಜೆ, ಪಿ, ಕ್ಯೂ, ವೈ ಐದೂ ಹೀಗೆ ಜೋತಾಡುವವು. ಒತ್ತಕ್ಷರ ಬರೆದು ಪಳಗಿದ ಕೈಗೆ ಗೆರೆಯ ಕೆಳಗಿನ ಆ ಜಾಗ ಗುರುತಿನದೇ.

ಆಟಕ್ಕೆ ಖರ್ಚು ಬೇಕಿಲ್ಲ. ಸುಗ್ಗಿ ಕಳೆದರೆ ಮನೆಯಲ್ಲಿ ಲಗ್ನಪತ್ರಿಕೆಗಳ ರಾಶಿ. ಅವುಗಳ ಬರಿ ಬೆನ್ನನ್ನು ಚೌಕವಾಗಿ ಕತ್ತರಿಸಿ ದೊಡ್ಡವು 26, ಸಣ್ಣವು 26 ಬರೆಯಿರಿ. ಒಟ್ಟು 52, ಇಸ್ಪೀಟಿನ ಕಟ್ಟಿನಷ್ಟೇ. ಮೊದಲು ನಾಲ್ಕೇ ಜೋಡಿ ಬೋರಲು ಹಾಕಿ, ಒಂದೊಂದಾಗಿ ಎತ್ತಿಸಿ. ಜೋಡಿ ಕೂಡಿದರೆ ಎಲೆ ಅವನದು. ಎಲ್ಲ 52ನ್ನೂ ಮೊದಲ ದಿನವೇ ಹರಡಿದ ತಂದೆ ಒಬ್ಬರನ್ನು ಬಲ್ಲೆ. ಮಗು ಮಲಗಿತು, ಅವರೊಬ್ಬರೇ ಆಡಿದರು. ಸಣ್ಣ ಕೈಗೆ ಬರವಣಿಗೆ ಇನ್ನೂ ಕೂಡಿ ಬರದಿದ್ದರೆ ತೊಗರಿ ಬೇಳೆಯನ್ನು ಗೆರೆಯ ಮೇಲೆ ಸಾಲಾಗಿ ಇಡಿಸಬಹುದು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವೇ? ತೀರಾ ಚಿಕ್ಕ ಮಕ್ಕಳು ಅದನ್ನು ಮೂಗಿಗೆ ತುರುಕಿಕೊಳ್ಳುತ್ತವೆ, ಬಳಿಯಲ್ಲೇ ಕೂತಿರಿ.

ಇನ್ನೊಂದು ತೊಡಕು ಅಚ್ಚಿನದು. ನಾವು ಕೈಯಲ್ಲಿ ಬರೆಯುವ ಸಣ್ಣ ಎ ಒಂದು ಗುಂಡು, ಒಂದು ಕೋಲು. ಪುಸ್ತಕದ ಎ ಹೆಚ್ಚಾಗಿ ತಲೆಯ ಮೇಲೆ ಸೆರಗು ಹೊದ್ದಿರುತ್ತದೆ. ಮಗುವಿಗೆ ಇದು ಮೂರನೆಯ ಎ. ಕಾರ್ಡುಗಳಲ್ಲಿ ಅದನ್ನೂ ಒಂದು ಸೇರಿಸಿ, "ಇದು ಸೆರಗು ಹೊದ್ದ ಎ" ಎಂದು ಪರಿಚಯ ಮಾಡಿಸಿಬಿಡಿ.

ಬೀದಿಯಲ್ಲಿ ಮಗುವಿಗೆ ಸಿಗುವ ಇಂಗ್ಲಿಷ್ ಬಹುಪಾಲು ದೊಡ್ಡ ಅಕ್ಷರವೇ. ವಾಹನದ ಫಲಕದಲ್ಲಿ ಕೆಎ 32 ಎಂದರೆ ಕಲಬುರಗಿ, 33 ಎಂದರೆ ಯಾದಗಿರಿ, 38 ಎಂದರೆ ಬೀದರ್. ಎಲ್ಲದರ ಮುಂದೆಯೂ ದೊಡ್ಡ ಕೆ, ದೊಡ್ಡ ಎ. ಹೀಗಾಗಿ ದೊಡ್ಡವು ಬೀದಿಯಲ್ಲಿ, ಸಣ್ಣವು ಪುಸ್ತಕದಲ್ಲಿ. ಎರಡನ್ನೂ ಮನೆಯಲ್ಲಿ ಭೇಟಿ ಮಾಡಿಸುವುದು ನಮ್ಮ ಪಾಲಿಗೆ ಬಿದ್ದಿದೆ.

ಹೋದ ವಾರ ವಾಡಿಗೆ ಹೋಗಬೇಕಿತ್ತು, ಮೊಮ್ಮಗನನ್ನು ಕರೆದುಕೊಂಡು ರೈಲು ನಿಲ್ದಾಣಕ್ಕೆ ಹೋದೆ. ಹಳದಿ ಫಲಕದ ಮೇಲಿನ ಕಲಬುರಗಿಯಲ್ಲಿ ಮೂರು ಎ ಇವೆ ಎಂದು ಬೆರಳು ಮಾಡಿ ಎಣಿಸಿದ. ಆಮೇಲೆ ತಿರುಗಿ, "ಆಯಿ, ಇವರ ಸಣ್ಣವು ಎಲ್ಲಿ?" ಎಂದ. ದೂರದಿಂದ ಕಾಣಲಿ ಎಂದು ಎಲ್ಲವನ್ನೂ ದೊಡ್ಡದಾಗಿ ಬರೆದಿದ್ದಾರೆ ಎಂದೆ. ಅವನಿಗೆ ಒಪ್ಪಿಗೆಯಾದಂತೆ ಕಾಣಲಿಲ್ಲ. ಚೀಲದಿಂದ ಸೀಮೆಸುಣ್ಣ ತೆಗೆದು, ಅಲ್ಲೇ ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಒಂದು ಸಣ್ಣ ಎ ಬರೆದ. ಎರಡನೆಯದು ಬರೆಯುವಷ್ಟರಲ್ಲಿ ರೈಲು ಬಂತು.

ನಮಸ್ಕಾರ.