ಏರಿಳಿತದ ಪೇಟೆಯಲ್ಲಿ ಎಷ್ಟು ಷೇರು ಕೊಳ್ಳಬೇಕು?

ಕೇಳುಗರಿಗೆ ನಮಸ್ಕಾರ.

2024ರ ಜೂನ್ ಮೊದಲ ವಾರ ಷೇರುಪೇಟೆಯಲ್ಲಿದ್ದವರಿಗೆ ಚೆನ್ನಾಗಿ ನೆನಪಿರುತ್ತದೆ. ಜೂನ್ 3, ಸೋಮವಾರ: ಮತಗಟ್ಟೆ ಸಮೀಕ್ಷೆಗಳನ್ನು ನಂಬಿದ ಪೇಟೆ ಜಿಗಿಯಿತು, ಸೆನ್ಸೆಕ್ಸ್ ಒಂದೇ ದಿನದಲ್ಲಿ 2,500 ಅಂಶ ಏರಿತು. ಮರುದಿನ ಲೋಕಸಭೆ ಚುನಾವಣೆಯ ಮತ ಎಣಿಕೆ. ಸಮೀಕ್ಷೆಗಳ ಲೆಕ್ಕ ತಪ್ಪುತ್ತಿದೆ ಎಂದು ಗೊತ್ತಾದ ಕೂಡಲೇ ಜನ ಮಾರಾಟಕ್ಕೆ ಮುಗಿಬಿದ್ದರು. ಒಂದು ಹಂತದಲ್ಲಿ 6,000 ಅಂಶಕ್ಕೂ ಹೆಚ್ಚು ಕುಸಿದ ಸೆನ್ಸೆಕ್ಸ್, ಕೊನೆಗೆ 4,389 ಅಂಶ ಕಳೆದುಕೊಂಡು ನಿಂತಿತು. ಬುಧವಾರ ಮತ್ತೆ 2,300 ಅಂಶ ಮೇಲೆ. ಶುಕ್ರವಾರ ಸಂಜೆಗೆ ಸೂಚ್ಯಂಕ ಸೋಮವಾರದ ಮಟ್ಟವನ್ನೂ ದಾಟಿತ್ತು.

ಈಗ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರೂ ಸೋಮವಾರ ಕೊಂಡವರು, ಇಬ್ಬರೂ ಪೇಟೆ ಏರುತ್ತದೆ ಎಂದೇ ನಂಬಿದವರು. ಒಬ್ಬರು ಕೊಂಡಿದ್ದು ತಮ್ಮ ಕೈಯ ದುಡ್ಡಿನಲ್ಲಿ, ಅಳತೆಯಲ್ಲಿ. ಇನ್ನೊಬ್ಬರು ಮಾರ್ಜಿನ್ ಸಾಲದಲ್ಲಿ, ಅಂದರೆ ಸ್ವಲ್ಪ ಹಣವನ್ನು ಭದ್ರತೆಯಾಗಿಟ್ಟು ಉಳಿದದ್ದನ್ನು ಬ್ರೋಕರ್‌ನಿಂದ ಸಾಲ ಪಡೆದು, ನಾಲ್ಕು ಪಟ್ಟು ಕೊಂಡರು. ಮಂಗಳವಾರ ಆ ಭದ್ರತೆಯ ಹಣ ಕಡಿಮೆ ಬಿದ್ದಾಗ ಬ್ರೋಕರ್ ಆ ಎರಡನೆಯವರ ಷೇರುಗಳನ್ನು ಮಾರಿಹಾಕುತ್ತಾರೆ. ಅವರ ಊಹೆ ಸರಿಯಾಗಿಯೇ ಇತ್ತು, ಆದರೆ ಅದು ನಿಜವಾಗುವ ಶುಕ್ರವಾರದವರೆಗೆ ಅವರು ಪೇಟೆಯಲ್ಲಿ ಉಳಿಯಲೇ ಇಲ್ಲ.

ಆದ್ದರಿಂದ ಏರಿಳಿತ ಜೋರಾದಾಗ ಯಾವ ಷೇರು ಎನ್ನುವುದಕ್ಕಿಂತ ಎಷ್ಟು ಷೇರು ಎನ್ನುವ ಪ್ರಶ್ನೆ ಮೊದಲು ಬರಬೇಕು ಎನ್ನುವುದು ನನ್ನ ದೃಢ ಅಭಿಪ್ರಾಯ. ಲೆಕ್ಕ ಸುಲಭ. ನಿಮ್ಮ ಬಂಡವಾಳ 2 ಲಕ್ಷ ಎಂದಿಟ್ಟುಕೊಳ್ಳೋಣ. ಒಂದು ವಹಿವಾಟಿನಲ್ಲಿ ಶೇ 1ಕ್ಕಿಂತ, ಅಂದರೆ 2,000 ರೂಪಾಯಿಗಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದು ನಿರ್ಧರಿಸಿದ್ದೀರಿ. ಷೇರಿನ ಬೆಲೆ 500. ಪೇಟೆ ಶಾಂತವಾಗಿದ್ದಾಗ 490ಕ್ಕೆ ಸ್ಟಾಪ್‌ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಮಾರಿಬಿಡಿ ಎಂಬ ಆದೇಶ, ಹಾಕಿದರೆ ಸಾಕು. ಒಂದು ಷೇರಿಗೆ 10 ರೂಪಾಯಿ ಅಪಾಯ, ಹಾಗಾಗಿ 200 ಷೇರು ಕೊಳ್ಳಬಹುದು. ಪೇಟೆ ಹೊಯ್ದಾಡುವಾಗ ಅದೇ 490 ಬೆಳಿಗ್ಗೆಯ ಅರ್ಧ ಗಂಟೆಯಲ್ಲೇ ಮುಟ್ಟಿಹೋಗುತ್ತದೆ. ಸ್ಟಾಪ್‌ಲಾಸನ್ನು 475ಕ್ಕೆ ಇಳಿಸಬೇಕಾಗುತ್ತದೆ. ಅಪಾಯ 25 ರೂಪಾಯಿ ಆಯಿತು, ಷೇರು 80ಕ್ಕೆ ಇಳಿಯಬೇಕು. ಬಹಳ ಜನ ಸ್ಟಾಪ್‌ಲಾಸ್ ದೂರ ಮಾಡುತ್ತಾರೆ, ಆದರೆ 200 ಷೇರನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಪೆಟ್ಟು ಬೀಳುವುದು ಅಲ್ಲೇ.

ಪೇಟೆ ಎಷ್ಟು ಹೊಯ್ದಾಡಬಹುದು ಎಂದು ಅಳೆಯಲು ಇಂಡಿಯಾ ವಿಕ್ಸ್ ಎಂಬ ಸೂಚ್ಯಂಕವಿದೆ. ನಿಫ್ಟಿ ಸೂಚ್ಯಂಕದ ಆಪ್ಶನ್‌ಗಳ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕುಗಳ) ಬೆಲೆಯಿಂದ ಲೆಕ್ಕ ಹಾಕುವ ಅದನ್ನು 16ರಿಂದ ಭಾಗಿಸಿದರೆ, ಒಂದು ದಿನದಲ್ಲಿ ನಿಫ್ಟಿ ಸಾಧಾರಣವಾಗಿ ಶೇಕಡಾ ಎಷ್ಟು ಅಲುಗಾಡಬಹುದು ಎಂಬ ಅಂದಾಜು ಸಿಗುತ್ತದೆ. ಜೂನ್ 3ರ ಸಂಜೆ ವಿಕ್ಸ್ 21ರ ಆಸುಪಾಸಿನಲ್ಲಿತ್ತು, ಅಂದರೆ ದಿನಕ್ಕೆ ಶೇ 1.3. ಮರುದಿನ ನಿಫ್ಟಿ ಬಿದ್ದದ್ದು ಸುಮಾರು ಶೇ 6! ಅಂದಾಜನ್ನೇ ಭರವಸೆ ಎಂದುಕೊಂಡವರಿಗೆ ಆ ಮಂಗಳವಾರ ಸಾಕಷ್ಟು ಕಲಿಸಿತು. ಬೆಳಿಗ್ಗೆ ಪೇಟೆ ತೆರೆಯುವಾಗಲೇ ಬೆಲೆ ಕೆಳಗೆ ಹಾರಿದರೆ ಸ್ಟಾಪ್‌ಲಾಸ್ ಕೂಡ ನೀವು ಬರೆದ ಬೆಲೆಗೆ ಕಾಯುವುದಿಲ್ಲ.

ಆಪ್ಶನ್ ವಿಷಯ ಹೇಳದೆ ಮುಗಿಸುವಂತಿಲ್ಲ. ಫಲಿತಾಂಶ, ಬಜೆಟ್ ಮುಂತಾದ ದಿನಗಳಿಗೆ ಮುಂಚೆ ಪ್ರೀಮಿಯಂ, ಅಂದರೆ ಆಪ್ಶನ್‌ಗೆ ಕೊಡುವ ಬೆಲೆ, ಉಬ್ಬಿರುತ್ತದೆ. ಸುದ್ದಿ ಹೊರಬಿದ್ದ ಮೇಲೆ ಅನಿಶ್ಚಿತತೆ ಕರಗಿ ಪ್ರೀಮಿಯಂ ಕುಸಿಯುತ್ತದೆ. ದಿಕ್ಕು ಸರಿಯಾಗಿ ಊಹಿಸಿ ಕಾಲ್ (ಕೊಳ್ಳುವ ಹಕ್ಕಿನ ಆಪ್ಶನ್) ಕೊಂಡವರೂ ಇದರಿಂದ ನಷ್ಟ ಅನುಭವಿಸುವುದುಂಟು. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಶನ್‌ಗೆ ಇಳಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ 93 ಮಂದಿ ನಷ್ಟ ಕಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದರಲ್ಲಿ ಎಷ್ಟು ಮನೆಗಳ ಉಳಿತಾಯ, ಎಷ್ಟು ಯುವಕರ ಮೊದಲ ಸಂಬಳ ಸೇರಿದೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಪ್ರತಿ ತಿಂಗಳು ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡ್ ಕಂತು, ಕಟ್ಟುತ್ತಿರುವವರು ಇಂಥ ವಾರಗಳಲ್ಲಿ ಏನೂ ಮಾಡಬೇಕಿಲ್ಲ, ಕಂತು ನಿಲ್ಲಿಸದಿದ್ದರೆ ಸಾಕು. ವಹಿವಾಟು ಮಾಡಲೇಬೇಕು ಎನ್ನುವವರು ಪೇಟೆ ತೆರೆಯುವ 9.15ಕ್ಕೆ ಮುಂಚೆ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ: ಕೊಳ್ಳುವ ಬೆಲೆ, ಹೊರಬರುವ ಬೆಲೆ, ಷೇರುಗಳ ಸಂಖ್ಯೆ. ಬೆಲೆ ಬಿದ್ದಿದೆಯೆಂದು ಆ ಮೂರನೆಯದನ್ನು ಮಧ್ಯಾಹ್ನ ಹೆಚ್ಚಿಸಬೇಡಿ. ನಮಸ್ಕಾರ.