ಈ ತುಪ್ಪಳ ಯಾವ ಬಲೆಯಿಂದ ಬಂತು? ಮಲ್ಪೆಯ ಸಿಗಡಿಗೂ ಕೆನಡಾದ ಜಾಕೆಟ್‌ಗೂ ಇರುವ ನಂಟು

[ದೃಶ್ಯ: ಮೇಜಿನ ಮೇಲೆ ದಪ್ಪ ಚಳಿ ಜಾಕೆಟ್. ಹಿಂದೆ ಫ್ಯಾನ್ ಜೋರಾಗಿ ತಿರುಗುತ್ತಿದೆ.]

ನಮಸ್ಕಾರ. ಉಡುಪಿಯ ಈ ಸೆಕೆಯಲ್ಲಿ ಇಂಥ ಜಾಕೆಟ್ ಎದುರಿಗಿಟ್ಟುಕೊಂಡು ಕೂತಿದ್ದೇನೆ ಅಂದರೆ ಅದಕ್ಕೊಂದು ಕಾರಣ ಉಂಟು. ನನ್ನ ಚಿಕ್ಕಮ್ಮನ ಮಗ ಓದಲು ಕೆನಡಾಕ್ಕೆ ಹೊರಟಿದ್ದಾನೆ. ನಮ್ಮ ಕಡೆಯವರಿಗೆ ಊರು ಬಿಡುವುದು ಹೊಸತಲ್ಲ, ಹಿಂದೆ ಬೊಂಬಾಯಿ, ಆಮೇಲೆ ದುಬೈ, ಈಗ ಟೊರೊಂಟೊ. ಅಲ್ಲಿಂದ ರಜೆಗೆ ಬಂದ ನೆಂಟರೊಬ್ಬರು "ಹೊಸದಕ್ಕೆ ಯಾಕೆ ದುಡ್ಡು ಹಾಕುತ್ತೀ" ಅಂತ ತಮ್ಮ ಹಳೆಯ ಜಾಕೆಟ್ ಕೊಟ್ಟು ಹೋದರು. ಟೋಪಿಯ ಅಂಚಿಗೆ ಒಂದು ತುಪ್ಪಳದ ಪಟ್ಟಿ ಇದೆ. ಅವನ ತಂಗಿ ಅದನ್ನು ಕೆನ್ನೆಗೆ ಒತ್ತಿಕೊಂಡು ಕೇಳಿದಳು, "ಇದು ನಿಜವಾದ ಪ್ರಾಣಿಯದ್ದಾ?"

ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೇಬಲ್ ಅಳಿಸಿಹೋಗಿತ್ತು.

ಹಾಗಾಗಿ ಮೊದಲು ಅದನ್ನು ನೋಡೋಣ. ಕೂದಲನ್ನು ಹೀಗೆ ಬಿಡಿಸಿ ಬುಡ ನೋಡಿ. ನಕಲಿಯಾದರೆ ಬುಡದಲ್ಲಿ ನೇಯ್ದ ಬಟ್ಟೆ ಕಾಣುತ್ತದೆ. ಅಸಲಿಯಾದರೆ ಚರ್ಮ. ಇನ್ನೊಂದು, ನಾಲ್ಕು ಕೂದಲು ಕಿತ್ತು ಚಿಮಟದಲ್ಲಿ ಹಿಡಿದು ಬೆಂಕಿ ತೋರಿಸಿ. ನಕಲಿ ಕರಗಿ ಸಣ್ಣ ಪ್ಲಾಸ್ಟಿಕ್ ಉಂಡೆಯಾಗುತ್ತದೆ. ಅಸಲಿ ಆದರೆ ನಮ್ಮ ತಲೆಕೂದಲು ಸುಟ್ಟ ಹಾಗೇ ವಾಸನೆ ಬರುತ್ತದೆ.

[ದೃಶ್ಯ: ಮೇಣದ ಬತ್ತಿ, ಚಿಮಟ. ಕೂದಲು ಸುರುಟಿ ಕಪ್ಪಾಗುತ್ತದೆ.]

ಅಸಲಿ. ರೂಮಿಡೀ ವಾಸನೆ ಹಬ್ಬಿತು.

ಈಗ ಮುಂದಿನ ಪ್ರಶ್ನೆ. ಇಂಥ ಜಾಕೆಟ್‌ಗಳ ಟೋಪಿಗೆ ಜಾಸ್ತಿ ಬಳಸುತ್ತಿದ್ದದ್ದು ಕೊಯೋಟ್ ಎಂಬ ಪ್ರಾಣಿಯ ತುಪ್ಪಳ. ಉತ್ತರ ಅಮೆರಿಕದ್ದು, ನಮ್ಮ ತೋಳ ಮತ್ತು ನರಿಯ ಸಂಬಂಧಿ. ಆದರೆ ನನ್ನ ಕೈಯಲ್ಲಿರುವುದು ಅದೇನಾ? ಅದು ಗುಂಡೇಟಿಗೆ ಸತ್ತಿತಾ, ಉರುಳಿಗೆ ಬಿತ್ತಾ, ಕಬ್ಬಿಣದ ಬಲೆಯಲ್ಲಿ ಇಡೀ ರಾತ್ರಿ ಒದ್ದಾಡಿತಾ? ಈ ಪಟ್ಟಿಯನ್ನು ಎಷ್ಟು ತಿರುಗಿಸಿ ನೋಡಿದರೂ ಗೊತ್ತಾಗುವುದಿಲ್ಲ. ಹೇಗೆ ಸತ್ತಿತು ಅನ್ನುವುದರ ಗುರುತು ತುಪ್ಪಳದ ಮೇಲೆ ಇರುವುದೇ ಇಲ್ಲ. ಇದೊಂದು ಮಾತು ನೆನಪಿಟ್ಟುಕೊಳ್ಳಿ, ಇವತ್ತಿನ ಇಡೀ ವಿಷಯ ಇದರ ಸುತ್ತಲೇ ತಿರುಗುವುದು.

[ಸ್ಕ್ರೀನಿನ ಬಲ ಮೂಲೆಯಲ್ಲಿ ಟೈಮರ್ ಶುರುವಾಗುತ್ತದೆ: 300]

ಮೂಲೆಯಲ್ಲಿ ಒಂದು ಟೈಮರ್ ಓಡುತ್ತಿದೆ. ಅದು ಏನು ಅಂತ ಆಮೇಲೆ ಹೇಳುತ್ತೇನೆ, ಸದ್ಯಕ್ಕೆ ಓಡಲಿ.

ಬಲೆಯ ಬಗ್ಗೆ ಹೇಳಬೇಕು. ಲೆಗ್‌ಹೋಲ್ಡ್ ಟ್ರ್ಯಾಪ್ ಅಂದರೆ ಎರಡು ಕಬ್ಬಿಣದ ದವಡೆ, ಒಂದು ಸ್ಪ್ರಿಂಗ್, ನಡುವೆ ಒಂದು ತಟ್ಟೆ. ಮಣ್ಣು, ಎಲೆ ಮುಚ್ಚಿ ಇಡುತ್ತಾರೆ. ಪ್ರಾಣಿ ತಟ್ಟೆಯ ಮೇಲೆ ಕಾಲಿಟ್ಟ ಕ್ಷಣ ದವಡೆ ಮುಚ್ಚಿಕೊಳ್ಳುತ್ತದೆ. ಅದು ಸಾಯುವುದಿಲ್ಲ, ಸಾಯಬಾರದು ಅಂತಲೇ ಅದನ್ನು ಮಾಡಿರುವುದು, ಬಲೆ ಇಟ್ಟವನು ಬರುವ ತನಕ ಅಲ್ಲೇ ನಿಲ್ಲಬೇಕು. ಅವನು ಮರುದಿನ ಬರಬಹುದು. ಅಮೆರಿಕದ ಕೆಲವು ರಾಜ್ಯಗಳ ನಿಯಮದಲ್ಲಿ ಒಂದು ದಿನಕ್ಕಿಂತ ಜಾಸ್ತಿ ಸಮಯಕ್ಕೂ ಅವಕಾಶ ಇದೆ. ಅಷ್ಟು ಹೊತ್ತು ಹಿಮ, ಬಾಯಾರಿಕೆ, ಹೆದರಿಕೆ. ತಪ್ಪಿಸಿಕೊಳ್ಳಲು ತನ್ನ ಕಾಲನ್ನು ತಾನೇ ಕಚ್ಚಿ ಕಡಿದುಕೊಂಡ ಪ್ರಾಣಿಗಳಿವೆ. ಬಲೆಗೆ ಯಾರು ಬಿದ್ದರು ಅಂತ ಗೊತ್ತಾಗುವುದಿಲ್ಲ ನೋಡಿ, ನಾಯಿ, ಬೆಕ್ಕು, ಹದ್ದು, ಯಾವುದು ಬೇಕಾದರೂ ಸಿಕ್ಕಿಬೀಳುತ್ತದೆ.

ಇದು ಘೋರ ಅಂತ ಮೊದಲು ಅನಿಸಿದ್ದು ಊರಿನಲ್ಲಿ ಬೆಚ್ಚಗೆ ಕೂತವರಿಗೆ ಮಾತ್ರ ಅಲ್ಲ. ಫ್ರಾಂಕ್ ಕಾನಿಬೇರ್ ಅಂತ ಕೆನಡಾದ ಒಬ್ಬ ಬೇಟೆಗಾರ, ವರ್ಷಗಟ್ಟಲೆ ಬಲೆ ಹಾಕಿಯೇ ಬಾಳಿದವನು, ಇದನ್ನು ನೋಡಲಾಗದೆ 1950ರ ದಶಕದಲ್ಲಿ ಬೇಗ ಸಾಯಿಸುವ ಬೇರೊಂದು ಬಲೆ ಮಾಡಿದ. ಅದೂ ಎಲ್ಲ ಸಲ ಅಂದುಕೊಂಡ ಹಾಗೆ ಬಡಿಯುವುದಿಲ್ಲ, ಸೊಂಟಕ್ಕೋ ಕಾಲಿಗೋ ಬಡಿದರೆ ಆ ಪ್ರಾಣಿಯ ಗತಿ ಕೇಳುವುದೇ ಬೇಡ. ಆದರೂ ಆ ಕೆಲಸದಲ್ಲೇ ಇದ್ದವನಿಗೆ ಇದು ಸರಿಯಲ್ಲ ಅನಿಸಿತ್ತು ಅನ್ನುವುದು ನನಗೆ ಮುಖ್ಯ.

ಸರಿ. ಆ ಕಾಡು ಎಲ್ಲೋ ಇದೆ, ಬಲೆ ಅಲ್ಲಿದೆ, ಅಲ್ಲಿನ ಕಾನೂನು ಅಲ್ಲಿಯದು. ದೂರದಲ್ಲಿ ಕೂತವರು ಏನು ಮಾಡಬಹುದು?

ತುಪ್ಪಳ ಕೊಳ್ಳುವ ಬಾಗಿಲು ಮುಚ್ಚಬಹುದು. ಯುರೋಪಿನವರು ಅದನ್ನೇ ಮಾಡಲು ಹೊರಟರು. 1991ರ ನವೆಂಬರ್‌ನಲ್ಲಿ ಒಂದು ನಿಯಮ ತಂದರು. ತಮ್ಮಲ್ಲಿ ಲೆಗ್‌ಹೋಲ್ಡ್ ಬಲೆ ಬಳಸುವಂತಿಲ್ಲ, ಮತ್ತು 13 ಜಾತಿಯ ಪ್ರಾಣಿಗಳ ತುಪ್ಪಳವನ್ನು ಇಂಥ ಬಲೆ ಬಳಸುವ ದೇಶಗಳಿಂದ ತರಿಸುವಂತಿಲ್ಲ. ಬೀವರ್, ನೀರುನಾಯಿ, ಕೊಯೋಟ್, ತೋಳ, ಲಿಂಕ್ಸ್, ರಕೂನ್, ಸೇಬಲ್ ಎಲ್ಲ ಪಟ್ಟಿಯಲ್ಲಿದ್ದವು. ಗಮನಿಸಿ, ನಿಯಮ "ಕ್ರೂರ ಬಲೆಗೆ ಬಿದ್ದ ತುಪ್ಪಳ ತರಬೇಡಿ" ಅನ್ನಲಿಲ್ಲ. ಹಾಗೆ ಬರೆದರೆ ಬಂದರಿನಲ್ಲಿ ಪೆಟ್ಟಿಗೆ ಬಿಚ್ಚುವ ಅಧಿಕಾರಿ ಏನು ನೋಡಿ ತೀರ್ಮಾನ ಮಾಡಬೇಕು? ನನ್ನ ಕೈಯಲ್ಲಿರುವ ಈ ಪಟ್ಟಿಯಲ್ಲಿ ಏನು ಕಂಡಿತು ನಮಗೆ? ಅದಕ್ಕೇ ದೇಶ ಮತ್ತು ಪ್ರಾಣಿ ಎರಡನ್ನೂ ಹೆಸರಿಸಿ ಬರೆದರು. ಪಣಂಬೂರಿನ ಬಂದರಿನಲ್ಲಿ ಕಂಟೇನರ್ ಬಿಚ್ಚುವವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಕಾಗದದಲ್ಲಿ ಇರುವುದನ್ನು ಮಾತ್ರ ತಡೆಯಬಹುದು.

ಆದರೆ ಆ ನಿಯಮದಲ್ಲಿ ಒಂದು "ಅಥವಾ" ಇತ್ತು. ಆ ದೇಶ ಲೆಗ್‌ಹೋಲ್ಡ್ ಬಲೆ ನಿಷೇಧಿಸಿರಬೇಕು, ಅಥವಾ ಅಲ್ಲಿನ ಬಲೆಗಳು ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿದ ಮಾನವೀಯ ಗುಣಮಟ್ಟಕ್ಕೆ ಸರಿಹೊಂದಬೇಕು. ಅಂಥ ಗುಣಮಟ್ಟ ಆಗ ಎಲ್ಲೂ ಇರಲೇ ಇಲ್ಲ. ಕೆನಡಾ, ಅಮೆರಿಕ ಇದು ವ್ಯಾಪಾರದ ನಿಯಮಕ್ಕೆ ವಿರುದ್ಧ ಅಂತ ಹಟ ಹಿಡಿದವು. 1995ಕ್ಕೆ ಶುರುವಾಗಬೇಕಿದ್ದ ಆಮದು ತಡೆ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಕೊನೆಗೆ ಕೆನಡಾ, ರಷ್ಯಾ ಜೊತೆ ಒಂದು ಒಪ್ಪಂದ, ಅಮೆರಿಕದ ಜೊತೆ ಅದಕ್ಕಿಂತ ಸಡಿಲವಾದ ಇನ್ನೊಂದು. ಬಾಗಿಲು ತೆರೆದೇ ಉಳಿಯಿತು.

ಆ ಒಪ್ಪಂದದಲ್ಲಿ "ಮಾನವೀಯ" ಅಂದರೆ ಏನು ಗೊತ್ತಾ? ಕೊಲ್ಲುವ ಬಲೆಯಾದರೆ ಎರ್ಮಿನ್ ಎಂಬ ಸಣ್ಣ ಪ್ರಾಣಿಗೆ 45 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪಬೇಕು. ಸೇಬಲ್, ಮಾರ್ಟೆನ್‌ಗೆ 120 ಸೆಕೆಂಡು. ಬೀವರ್, ನೀರುನಾಯಿ, ರಕೂನ್ ಮೊದಲಾದ ಉಳಿದವಕ್ಕೆ 300 ಸೆಕೆಂಡು. ಅದೂ ಪರೀಕ್ಷೆ ಮಾಡಿದ ಪ್ರಾಣಿಗಳಲ್ಲಿ ನೂರಕ್ಕೆ 80ರಷ್ಟಕ್ಕೆ ಆದರೆ ಸಾಕು.

ಮೂಲೆಯಲ್ಲಿ ಓಡುತ್ತಿರುವ ಟೈಮರ್ ಅದೇ. 300 ಸೆಕೆಂಡು. ಬಲೆಯ ಬಗ್ಗೆ ಹೇಳಲು ಶುರು ಮಾಡಿದಾಗಿನಿಂದ ಓಡುತ್ತಿದೆ. ಇಷ್ಟೆಲ್ಲ ಮಾತಾಡಿದೆ, ಇನ್ನೂ ಮುಗಿದಿಲ್ಲ.

[ಕೆಲವು ಸೆಕೆಂಡು ಮೌನ. ಟೈಮರ್ ಮಾತ್ರ.]

ಆ ಒಪ್ಪಂದದಿಂದ ಏನೂ ಆಗಲಿಲ್ಲ ಅಂತ ನಾನು ಹೇಳುವುದಿಲ್ಲ. ಬಲೆಗಳನ್ನು ಪರೀಕ್ಷೆ ಮಾಡಲು ಶುರು ಮಾಡಿದರು, ದವಡೆಗೆ ರಬ್ಬರ್ ಬಂತು, ಕೆಲವು ಹಳೆಯ ಬಲೆಗಳು ಮೂಲೆ ಸೇರಿದವು. ಬಾಗಿಲು ಮುಚ್ಚುತ್ತೇವೆ ಅಂತ ಬರೀ ಹೆದರಿಸಿದ್ದಕ್ಕೇ ಇಷ್ಟಾಯಿತು. ನಿಜವಾಗಿ ಮುಚ್ಚಿದ್ದರೆ?

ಇದನ್ನು ನಮ್ಮ ಕರಾವಳಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ ಮಾರಾಯ್ರೆ. ಮಲ್ಪೆ ಬಂದರಿಗೆ ಬೆಳಿಗ್ಗೆ ಹೋಗಿ ನೋಡಿ.

[ದೃಶ್ಯ: ಮಲ್ಪೆ ಬಂದರು. ಬುಟ್ಟಿಗಳಲ್ಲಿ ಸಿಗಡಿ, ಏಲಂ ಕೂಗು.]

ಟ್ರಾಲ್ ಬಲೆಗೆ ಸಿಗಡಿಯ ಜೊತೆ ಕಡಲಾಮೆಯೂ ಬೀಳುತ್ತದೆ. ಆಮೆ ಉಸಿರಾಡಲು ಮೇಲೆ ಬರಬೇಕು, ಬಲೆಯೊಳಗೆ ಸಿಕ್ಕಿದರೆ ಉಸಿರುಕಟ್ಟಿ ಸಾಯುತ್ತದೆ. ಅದಕ್ಕೊಂದು ಸಾಧನ ಇದೆ, ಟಿಇಡಿ ಅನ್ನುತ್ತಾರೆ. ಬಲೆಯ ಒಳಗೆ ಸರಳುಗಳ ಒಂದು ಚೌಕಟ್ಟು, ಸಿಗಡಿ ಸರಳಿನ ಸಂದಿಯಲ್ಲಿ ಹಿಂದಕ್ಕೆ ಹೋಗುತ್ತದೆ, ಆಮೆ ತಡೆದು ಕಿಂಡಿಯಿಂದ ಹೊರಗೆ ಬರುತ್ತದೆ. ಇದನ್ನು ಕಡ್ಡಾಯ ಮಾಡದ ದೇಶದ, ಸಮುದ್ರದಲ್ಲಿ ಹಿಡಿದ ಸಿಗಡಿ ನಮಗೆ ಬೇಡ ಅಂತ ಅಮೆರಿಕ 1989ರಲ್ಲೇ ಕಾನೂನು ಮಾಡಿತು. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. 1998ರಲ್ಲಿ ತೀರ್ಪು ಬಂತು. ಆಮೆ ಉಳಿಸುವ ಉದ್ದೇಶ ಸರಿ, ಆದರೆ ಕೆಲವು ದೇಶಗಳಿಗೆ ಸಮಯ, ನೆರವು ಎಲ್ಲ ಕೊಟ್ಟು ನಮ್ಮಂಥವರಿಗೆ ಕೊಡದೇ ಇದ್ದದ್ದು ತಪ್ಪು ಅಂತ. ಅಮೆರಿಕ ರೀತಿ ಬದಲಿಸಿಕೊಂಡಿತು, 2001ರಲ್ಲಿ ಅದೇ ನಿಯಮ ಊರ್ಜಿತವಾಯಿತು. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಸಮುದ್ರದ ಸಿಗಡಿಗೆ ಮತ್ತೆ ಅದೇ ಬಾಗಿಲು ಮುಚ್ಚಿತು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಐಎಫ್‌ಟಿಯವರು ನಮ್ಮ ಬೋಟುಗಳಿಗೆ ಹೊಂದುವ ಟಿಇಡಿ ಮಾಡಿದ್ದಾರೆ, ಬಂದರುಗಳಲ್ಲಿ ಆ ಮಾತು ನಡೆಯುತ್ತಿರುವುದು ಕೊಳ್ಳುವವರು ಕೇಳಿದ್ದರಿಂದಲೇ ಅಲ್ವಾ?

[ಟೈಮರ್: 0]

ಈಗ ಮುಗಿಯಿತು, ಆ 300 ಸೆಕೆಂಡು.

ಸಿಗಡಿಯ ಕತೆಯಿಂದ ನನಗೆ ಎರಡು ವಿಷಯ ಅರ್ಥವಾಗಿದೆ. ಪೆಟ್ಟು ಬೀಳುವುದು ಬೋಟಿನವರಿಗೆ, ಅದನ್ನು ಮರೆತು "ನಿಷೇಧ ಮಾಡಿ" ಅಂತ ಸುಮ್ನೆ ಕೂಗಬಾರದು. ಉತ್ತರದ ಹಿಮದಲ್ಲಿ ಸೀಲ್ ಎಂಬ ಕಡಲ ಪ್ರಾಣಿಯನ್ನು ಹಿಡಿದು ಬದುಕುವ ಇನುಯಿಟ್ ಜನರಿಗೂ ಹೀಗೇ ಆಯಿತು. 2009ರಲ್ಲಿ ಯುರೋಪ್ ಸೀಲ್ ಉತ್ಪನ್ನ ತಡೆದಾಗ ಅವರಿಗೆ ವಿನಾಯಿತಿ ಇತ್ತು, ಆದರೂ ಅವರ ಚರ್ಮಕ್ಕೂ ಬೆಲೆ ಬಿದ್ದುಹೋಯಿತು. ಹೊಟ್ಟೆಪಾಡಿನ ಬೇಟೆ ಬೇರೆ, ಟೋಪಿಯ ಅಂಚಿನ ಅಂದಕ್ಕೆ ಬಲೆ ಇಡುವುದು ಬೇರೆ. ಕಾನೂನು ಬರೆಯುವವರು ಈ ಎರಡನ್ನೂ ಬೇರೆ ಮಾಡಿ ಬರೆಯಬೇಕು, ಸಮಯ ಕೊಡಬೇಕು, ಬದಲಿ ಸಾಧನಕ್ಕೆ ದುಡ್ಡು ಕೊಡಬೇಕು.

ಎರಡನೆಯದು, ಹೀಗೆ ತಡೆಯಲು ನಮಗೆ ಹಕ್ಕಿಲ್ಲ ಅನ್ನುವ ಮಾತು ಇನ್ನು ನಿಲ್ಲುವುದಿಲ್ಲ. ಆ ಸೀಲ್ ನಿಯಮದ ಮೇಲೂ ಕೆನಡಾ, ನಾರ್ವೆ ದೂರು ಕೊಟ್ಟವು. 2014ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ವಿನಾಯಿತಿ ಕೊಟ್ಟ ರೀತಿಯಲ್ಲಿ ತಪ್ಪು ಹುಡುಕಿತು, ಆದರೆ ಪ್ರಾಣಿಗಳ ನೋವು ಒಂದು ಸಮಾಜದ ನೈತಿಕತೆಯ ವಿಷಯ, ಅದಕ್ಕಾಗಿ ಆಮದು ತಡೆಯಬಹುದು ಅಂತ ಒಪ್ಪಿತು. 1990ರ ದಶಕದಲ್ಲಿ ಬಲೆಯ ವಿಷಯಕ್ಕೆ ಯುರೋಪ್ ಹಿಂದೆ ಸರಿದಾಗ ಇಂಥ ತೀರ್ಪು ಕೈಯಲ್ಲಿ ಇರಲಿಲ್ಲ.

ಭಾರತ ಏನು ಮಾಡಿದೆ? 2017ರ ಜನವರಿಯಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿ ಮಿಂಕ್, ನರಿ, ಚಿಂಚಿಲಾ ತುಪ್ಪಳ ಮತ್ತು ಸರೀಸೃಪಗಳ ಚರ್ಮದ ಆಮದನ್ನು ನಿಷೇಧಿಸಿತು. ಸಂಸತ್ತಿನಲ್ಲಿ ದೊಡ್ಡ ಗಲಾಟೆ ಇಲ್ಲ, ವರ್ಷಗಟ್ಟಲೆ ಚರ್ಚೆ ಇಲ್ಲ, ಒಂದು ಕಾಗದ. ನನಗೆ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ಮಿಂಕ್, ಚಿಂಚಿಲಾ ಎಲ್ಲ ಹೆಚ್ಚಾಗಿ ಗೂಡಿನಲ್ಲಿ ಸಾಕಿ ಕೊಲ್ಲುವಂಥವು. ಕಾಡಿನಲ್ಲಿ ಬಲೆಗೆ ಬೀಳುವ ಕೊಯೋಟ್, ರಕೂನ್, ಬೀವರ್, ಲಿಂಕ್ಸ್ ಹೆಸರು ಆ ಅಧಿಸೂಚನೆಯಲ್ಲಿ ಇಲ್ಲ. ಯುರೋಪಿನ 13 ಪ್ರಾಣಿಗಳ ಪಟ್ಟಿ 1991ರಿಂದ ಬರೆದಿಟ್ಟಿದೆ, ಅದನ್ನು ಇದಕ್ಕೆ ಸೇರಿಸಿ, "ಅಥವಾ" ಮಾತ್ರ ಬಿಟ್ಟುಬಿಡಿ. ನಾನು ಕೇಳುವುದು ಇಷ್ಟೇ. ನಮ್ಮಲ್ಲಿ ತುಪ್ಪಳ ಹಾಕುವವರು ಕಡಿಮೆ, ಹಾಗಾಗಿ ಯಾರ ವ್ಯಾಪಾರವೂ ಮುಳುಗುವುದಿಲ್ಲ. ಮಾರುಕಟ್ಟೆ ಬೆಳೆದ ಮೇಲೆ ಮುಚ್ಚುವುದು ಎಷ್ಟು ಕಷ್ಟ ಅಂತ ಯುರೋಪನ್ನು ನೋಡಿದೆವಲ್ಲ.

"ಮೊದಲು ನಮ್ಮ ಮನೆ ನೋಡಿಕೊಳ್ಳಿ" ಅಂತ ಕೆಲವರು ಬರೆಯುತ್ತಾರೆ, ಗೊತ್ತು. ನೋಡೋಣ. ನಮ್ಮ ಮನೆಯ ಹಿಂದೆ ಗುಡ್ಡೆ, ಆಚೆ ತೋಟಗಳು. ಕೆಲವು ವರ್ಷದ ಹಿಂದೆ ನಮ್ಮ ನಾಯಿ ಕಾಳು ಎರಡು ದಿನ ಕಾಣಲಿಲ್ಲ. ಮೂರನೇ ದಿನ ತೆವಳಿಕೊಂಡು ಬಂತು. ಸೊಂಟಕ್ಕೆ ಬೈಕಿನ ಕ್ಲಚ್ ಕೇಬಲ್. ಕಾಡುಹಂದಿಗೆ ಇಟ್ಟ ಉರುಳು. ಎಳೆದಷ್ಟೂ ಬಿಗಿಯಾಗುತ್ತದೆ ಅದು, ಚರ್ಮ ಸೀಳಿ ಒಳಗೆ ಹೋಗಿತ್ತು. ತಂತಿಯನ್ನು ಕಡಿದು ಬಂದಿತ್ತೋ, ಗೂಟ ಕಿತ್ತು ಬಂದಿತ್ತೋ, ಗೊತ್ತಾಗಲಿಲ್ಲ. ಡಾಕ್ಟರು ತುಂಡು ಮಾಡಿ ತೆಗೆಯುವಾಗ ನಾನೇ ತಲೆ ಹಿಡಿದುಕೊಂಡಿದ್ದೆ. ಅದು ಕಚ್ಚಲಿಲ್ಲ, ನನ್ನ ಕೈ ನೆಕ್ಕುತ್ತಿತ್ತು. ಬದುಕಿತು. ನಮ್ಮ ಜಿಲ್ಲೆಗಳಲ್ಲಿ ಇದೇ ಉರುಳಿಗೆ ಚಿರತೆಗಳೂ ಬೀಳುತ್ತವೆ, ಎಲ್ಲವೂ ಕಾಳುವಿನ ಹಾಗೆ ಮನೆಗೆ ಬರುವುದಿಲ್ಲ.

ಉರುಳು ಹಾಕುವುದು ನಮ್ಮಲ್ಲಿ ಅಪರಾಧ. 1972ರ ವನ್ಯಜೀವಿ ಕಾಯ್ದೆ "ಬೇಟೆ" ಅನ್ನುವಾಗಲೇ ಬಲೆ, ಉರುಳು ಎರಡನ್ನೂ ಸೇರಿಸಿಕೊಂಡಿದೆ. ಹಂದಿ ಒಂದೇ ರಾತ್ರಿ ಇಡೀ ಗದ್ದೆ ಅಗೆದು ಹಾಕಿದರೆ ರೈತನಿಗೆ ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ನನಗೂ ಗೊತ್ತು, ಅವನಿಗೆ ಪರಿಹಾರ, ಬೇಲಿ ಬೇಕು. ಆದರೆ ನಮ್ಮ ಕಾಡಿನಲ್ಲಿ ಅಪರಾಧ ಅಂತ ನಾವೇ ಬರೆದುಕೊಂಡ ಕೆಲಸ ಬೇರೆ ಕಾಡಿನಲ್ಲಿ ನಡೆದು, ಚೆಂದದ ಪಟ್ಟಿಯಾಗಿ ಬಂದರೆ ಬಂದರಿನಲ್ಲಿ ದಾರಿ ಬಿಡುವುದು ಹೇಗೆ?

ಜಾಕೆಟ್ ತಯಾರಿಸುವವರೇ ಬದಲಾಗುತ್ತಿದ್ದಾರೆ. ಕೊಯೋಟ್ ಪಟ್ಟಿಗೇ ಹೆಸರಾಗಿದ್ದ ಕೆನಡಾ ಗೂಸ್ 2022ರ ಕೊನೆಯೊಳಗೆ ತುಪ್ಪಳ ಬಳಸುವುದನ್ನು ನಿಲ್ಲಿಸುತ್ತೇವೆ ಅಂತ 2021ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ 2023ರಿಂದ ಹೊಸ ತುಪ್ಪಳದ ಬಟ್ಟೆ ಮಾರುವಂತಿಲ್ಲ.

ಮಲ್ಪೆ, ಗಂಗೊಳ್ಳಿ, ಮಂಗಳೂರು ದಕ್ಕೆಯ ಬೋಟಿನವರು ಯಾರಾದರೂ ಇದನ್ನು ನೋಡುತ್ತಿದ್ದರೆ, ಟಿಇಡಿ ಹಾಕಿ ನೋಡಿದ್ದೀರಾ, ಸಿಗಡಿ ಎಷ್ಟು ತಪ್ಪಿಹೋಯಿತು, ನಿಮ್ಮ ಲೆಕ್ಕವನ್ನು ಕೆಳಗೆ ಬರೆಯಿರಿ. ಮುಂದಿನ ವಿಡಿಯೋ ಅದರ ಮೇಲೆಯೇ ಮಾಡುತ್ತೇನೆ.

ಈ ಪಟ್ಟಿಗೆ ಒಂದು ಜಿಪ್ ಇದೆ. ನಿನ್ನೆ ಅವನೇ ಬಿಚ್ಚಿ ನನ್ನ ಕೈಗೆ ಕೊಟ್ಟ. ಜಾಕೆಟ್ ಹಾಗೆಯೇ ಅವನ ಜೊತೆ ಹೋಗುತ್ತದೆ.

[ದೃಶ್ಯ: ಜಿಪ್ ಎಳೆಯುವ ಕೈ. ಪಟ್ಟಿ ಇಲ್ಲದ ಟೋಪಿ.]