ಮೇಯರ್ ಅವರಲ್ಲಿ ನಮ್ಮ ಕೇಳಿಕೆ: ಯಾರಿಗೂ ಹೇಳದೆ ಹೊರಡುವಂತಿರಲಿ

ನಮಸ್ಕಾರ. ಈಗ ಪರದೆಯ ಮೇಲೆ ಸಾಲಾಗಿ ನಿಂತಿರುವ ಈ ಹಳದಿ ಬಸ್ಸುಗಳು ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಪ್ರದೇಶದವು. ಕೆಲಸದ ನಿಮಿತ್ತ ನಾನು ನೆಲೆಸಿರುವ ಬೋಲ್ಟನ್ ಈ ಪ್ರದೇಶದ ಹತ್ತು ಸ್ಥಳೀಯ ಆಡಳಿತಗಳಲ್ಲಿ ಒಂದು. ನನ್ನ ವಯಸ್ಸು ಇಪ್ಪತ್ತಾರು, ಓಡಾಡಲು ಗಾಲಿಕುರ್ಚಿ ಬಳಸುತ್ತೇನೆ. ಆದ್ದರಿಂದ ಯುವಜನರ ಸಭೆಗೂ ಕರೆಯುತ್ತಾರೆ, ಅಂಗವಿಕಲರ ಸಭೆಗೂ ಕರೆಯುತ್ತಾರೆ. ನಿಮ್ಮ ಮೇಯರ್ ಏನು ಮಾಡಬೇಕು ಎಂಬ ಪ್ರಶ್ನೆ ಎರಡೂ ಕಡೆ ಏಳುತ್ತದೆ. ಸೌಲಭ್ಯಗಳ ದೊಡ್ಡ ಪಟ್ಟಿಯೇ ಹೊರಬೀಳಬಹುದೆಂದು ಅಧಿಕಾರಿಗಳು ಕಾಗದ, ಪೆನ್ನು ಹಿಡಿದು ಕೂತಿರುತ್ತಾರೆ. ಆದರೆ ಮಾತು ಸುತ್ತಿ ಬಳಸಿ ಬಂದು ನಿಲ್ಲುವುದು ಒಂದೇ ಕಡೆಗೆ: ಮೊದಲೇ ಯಾರಿಗೂ ತಿಳಿಸದೆ, ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಮನೆಯಿಂದ ಹೊರಟು, ಬೇಕೆನಿಸಿದ ಹೊತ್ತಿಗೆ ಮರಳಿ ಬರುವಂತಾಗಬೇಕು.

ಮೇಯರ್ ಎಂದ ಕೂಡಲೇ ನಮ್ಮ ಕಡೆಯವರ ಕಣ್ಣ ಮುಂದೆ ಬರುವುದು ಪಾಲಿಕೆಯ ಸದಸ್ಯರು ತಮ್ಮೊಳಗೇ ಆರಿಸಿಕೊಂಡ, ಗೌನು ತೊಟ್ಟ, ಕುರ್ಚಿ ಒಗ್ಗುವಷ್ಟರಲ್ಲಿ ಅವಧಿಯೇ ಮುಗಿದುಹೋಗುವ ವ್ಯಕ್ತಿ. ಬೆಂಗಳೂರಿನಲ್ಲಿ ಬಸ್ಸು ಬಂದಿಲ್ಲವೆಂದು ಮೇಯರ್ ಅವರನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಬಿಎಂಟಿಸಿ ಇರುವುದು ರಾಜ್ಯ ಸರ್ಕಾರದ ಕೈಯಲ್ಲಿ. ಇಲ್ಲಿನ ಪ್ರಾದೇಶಿಕ ಮೇಯರ್ ಹುದ್ದೆಯ ರೀತಿಯೇ ಬೇರೆ. ಹತ್ತು ಆಡಳಿತಗಳು ಸೇರಿ 2011ರಲ್ಲಿ ಒಂದು ಸಂಯುಕ್ತ ಪ್ರಾಧಿಕಾರ ಮಾಡಿಕೊಂಡವು. 2017ರ ಮೇ ತಿಂಗಳಲ್ಲಿ ಜನರು ಮೊದಲ ಬಾರಿಗೆ ಅದಕ್ಕೆ ನೇರವಾಗಿ ಮೇಯರ್ ಒಬ್ಬರನ್ನು ಆರಿಸಿದರು. ಹಿಂದೆ ಆರೋಗ್ಯ ಸಚಿವರಾಗಿದ್ದ ಆಂಡಿ ಬರ್ನ್‌ಹ್ಯಾಮ್ ಅವರು ಆಗ ಗೆದ್ದು, 2021ರಲ್ಲೂ 2024ರಲ್ಲೂ ಮತ್ತೆ ಆರಿಸಿ ಬಂದರು. ಇಪ್ಪತ್ತೆಂಟು ಲಕ್ಷಕ್ಕೂ ಹೆಚ್ಚು ಜನರಿರುವ ಈ ಪ್ರದೇಶದ ಬಸ್ಸು, ಟ್ರಾಮು, ಪೊಲೀಸ್ ಮೇಲ್ವಿಚಾರಣೆ, ಅಗ್ನಿಶಾಮಕ ದಳ, ವಯಸ್ಕರ ಶಿಕ್ಷಣದ ಹಣ ಇವೆಲ್ಲ ಮೇಯರ್ ಅವರ ಪಾಲಿನವು. ಅಂಗವಿಕಲರ ಭತ್ಯೆಯನ್ನು ತೀರ್ಮಾನಿಸುವುದು ಲಂಡನ್ನಿನ ಸರ್ಕಾರ, ಮನೆಗೆ ಬಂದು ಆರೈಕೆ ಮಾಡುವವರ ವ್ಯವಸ್ಥೆ ಸ್ಥಳೀಯ ಆಡಳಿತಗಳದ್ದು. ಮೇಯರ್ ಎದುರು ಭತ್ಯೆಯ ಬಗ್ಗೆ ಎಷ್ಟು ಕೂಗಿದರೂ ಅವರು ತಲೆಯಾಡಿಸಿ ಸಹಾನುಭೂತಿ ಹೇಳಬಹುದಷ್ಟೇ. ಆದ್ದರಿಂದ ಅವರ ಕೈಯಲ್ಲಿ ನಿಜಕ್ಕೂ ಇರುವುದನ್ನೇ ಬಿಗಿಯಾಗಿ ಕೇಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಅವರ ಕೈಯಲ್ಲಿ ಬಲವಾಗಿ ಇರುವುದು ಬಸ್ಸು. 1985ರ ಕಾಯ್ದೆಯ ಪ್ರಕಾರ 1986ರ ಅಕ್ಟೋಬರ್‌ನಿಂದ ಲಂಡನ್ನಿನ ಹೊರಗಿನ ಬಸ್ಸುಗಳನ್ನು ಖಾಸಗಿ ಕಂಪನಿಗಳ ಇಚ್ಛೆಗೆ ಬಿಡಲಾಗಿತ್ತು. ಲಾಭವಿರುವ ಮಾರ್ಗದಲ್ಲಿ ಪೈಪೋಟಿ, ಲಾಭವಿಲ್ಲದ ಬಡಾವಣೆಗೆ ಸಂಜೆ ಏಳರ ನಂತರ ಬಸ್ಸೇ ಇಲ್ಲ ಎಂಬಂಥ ಸ್ಥಿತಿ ಎಷ್ಟೋ ಕಡೆ ಇತ್ತು. 2017ರ ಕಾಯ್ದೆ ಮೇಯರ್‌ಗಳಿಗೆ ಮಾರ್ಗ, ವೇಳಾಪಟ್ಟಿ ಮತ್ತು ದರಗಳನ್ನು ತಾವೇ ಗೊತ್ತುಮಾಡಿ, ಬಸ್ಸು ಓಡಿಸುವ ಕೆಲಸವನ್ನಷ್ಟೇ ಕಂಪನಿಗಳಿಗೆ ಗುತ್ತಿಗೆ ಕೊಡುವ ಅಧಿಕಾರ ನೀಡಿತು. ಅದನ್ನು ಮೊದಲು ಬಳಸಿದ್ದು ಗ್ರೇಟರ್ ಮ್ಯಾಂಚೆಸ್ಟರ್. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೋಲ್ಟನ್ ಮತ್ತು ವಿಗನ್ ಕಡೆಯಿಂದ ಶುರುವಾಗಿ, 2025ರ ಜನವರಿ 5ಕ್ಕೆ ಇಡೀ ಪ್ರದೇಶದ ಬಸ್ಸುಗಳು ‘ಬೀ ನೆಟ್‌ವರ್ಕ್’ ಎಂಬ ಒಂದೇ ಹೆಸರಿನಡಿ ಬಂದವು. ಪ್ರಯಾಣಿಕರ ಮಟ್ಟಿಗೆ ಬಣ್ಣ ಬದಲಾದದ್ದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿದೆ. ಬಸ್ಸು ಬಾರದೆ ಹೋದರೆ ಹಿಡಿದು ಕೇಳಲು ಒಬ್ಬರು ಸಿಕ್ಕಿದ್ದಾರೆ, ಮತ್ತು ಆ ಒಬ್ಬರು ನಾಲ್ಕು ವರ್ಷಕ್ಕೊಮ್ಮೆ ಮತ ಕೇಳಲು ಬರಲೇಬೇಕು.

ಈಗ ತೋರಿಸುತ್ತಿರುವ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡಿ. ಬಸ್ಸಿನ ಮುಂಬಾಗಿಲ ನೆಲಕ್ಕೆ ಒಂದು ಹಲಗೆ ಹೊಂದಿಕೊಂಡಿದೆ, ಅದೇ ರ‍್ಯಾಂಪ್. ಅದು ತಾನಾಗಿ ಬಿಚ್ಚಿಕೊಳ್ಳುವಂಥದ್ದಲ್ಲ. ಚಾಲಕ ತನ್ನ ಆಸನದಿಂದ ಎದ್ದು ಬಂದು, ಬಗ್ಗಿ, ಹಿಡಿ ಹಿಡಿದು ಎತ್ತಿ ಕಾಲುದಾರಿಯ ಮೇಲೆ ಮಗುಚಬೇಕು. ಬಸ್ಸು ಕಾಲುದಾರಿಗೆ ಒತ್ತಿ ನಿಂತಿದ್ದರೆ ಇಳಿಜಾರು ಸಲೀಸಾಗಿರುತ್ತದೆ. ಯಾರೋ ನಿಲ್ದಾಣದಲ್ಲೇ ಕಾರು ನಿಲ್ಲಿಸಿದ್ದರಿಂದ ಬಸ್ಸು ರಸ್ತೆಯ ನಡುವೆಯೇ ನಿಂತರೆ ಹಲಗೆ ನೇರ ಡಾಂಬರಿನ ಮೇಲೆ ಬೀಳುತ್ತದೆ, ಆಗ ಹತ್ತುವುದು ಗುಡ್ಡ ಹತ್ತಿದಂತೆ. ಒಳಗೆ ಹೋದ ಮೇಲೆ ಗಾಲಿಕುರ್ಚಿಯನ್ನು ತಿರುಗಿಸಿ, ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ, ಬೆನ್ನನ್ನು ಒರಗು ಹಲಗೆಗೆ ತಾಗಿಸಿ ನಿಲ್ಲಬೇಕು. ಆ ಜಾಗದಲ್ಲಿ ಆಗಲೇ ಮಗುವಿನ ತಳ್ಳುಗಾಡಿ ಇದ್ದರೆ ಏನು? ಈ ಪ್ರಶ್ನೆ ಪಕ್ಕದ ಪಶ್ಚಿಮ ಯಾರ್ಕ್‌ಷೈರಿನ ಡಗ್ ಪಾಲಿ ಎಂಬ ಗಾಲಿಕುರ್ಚಿ ಬಳಕೆದಾರರ ಪ್ರಕರಣದಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2012ರಲ್ಲಿ ಅವರಿಗೆ ಬಸ್ಸಿನಲ್ಲಿ ಜಾಗ ಸಿಗದೆ ಹೋಗಿತ್ತು; ಚಾಲಕರು ಒಮ್ಮೆ ವಿನಂತಿಸಿ ಕೈಚೆಲ್ಲಿದರೆ ಸಾಲದು, ಇನ್ನೂ ಒತ್ತಾಯಿಸಬೇಕೆಂದು 2017ರ ಜನವರಿಯಲ್ಲಿ ತೀರ್ಪು ಬಂತು. ಆದರೂ ಒತ್ತಾಯಿಸುವುದು ಎಷ್ಟರಮಟ್ಟಿಗೆ ಎಂಬುದು ಆಯಾ ಚಾಲಕರ ಮನೋಧರ್ಮಕ್ಕೆ ಬಿಟ್ಟದ್ದು. ಹೊಸ ವಿದ್ಯುತ್ ಬಸ್ಸುಗಳಲ್ಲಿ ಎರಡು ಗಾಲಿಕುರ್ಚಿಗಳಿಗೆ ಜಾಗವಿದೆ, ಮುಂದಿನ ನಿಲ್ದಾಣವನ್ನು ಕೂಗಿ ಹೇಳುವ ಮತ್ತು ಬರೆದು ತೋರಿಸುವ ವ್ಯವಸ್ಥೆಯಿದೆ. ಎರಡನೆಯ ಜಾಗದ ಬೆಲೆ ಏನೆಂದು ನಾನು ಹೇಳುತ್ತೇನೆ: ನಾನೂ ನನ್ನಂತೆಯೇ ಗಾಲಿಕುರ್ಚಿಯಲ್ಲಿರುವ ಗೆಳತಿಯೂ ಒಂದೇ ಬಸ್ಸಿನಲ್ಲಿ ಸಿನಿಮಾಕ್ಕೆ ಹೋಗಬಹುದು. ಒಂದೇ ಜಾಗವಿರುವ ಬಸ್ಸಿನಲ್ಲಿ ಒಬ್ಬಳು ಮುಂದೆ ಹೋಗಿ, ಇನ್ನೊಬ್ಬಳು ಮುಂದಿನ ಬಸ್ಸಿಗೆ ಕಾಯಬೇಕು.

ಪಾಸಿನ ವಿಷಯಕ್ಕೆ ಬರೋಣ. ಇಂಗ್ಲೆಂಡಿನಾದ್ಯಂತ ಹಿರಿಯರಿಗೂ ಅಂಗವಿಕಲರಿಗೂ ಉಚಿತ ಬಸ್ ಪಾಸ್ ಇದೆ, ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ಮೊದಲು ಅದನ್ನು ಒಪ್ಪಲೇಬೇಕೆಂದು ರಾಷ್ಟ್ರೀಯ ನಿಯಮ ಹೇಳುವುದಿಲ್ಲ. ಹಿರಿಯರು ನಿವೃತ್ತರಾಗಿರುತ್ತಾರೆ, ಸ್ವಲ್ಪ ತಡವಾಗಿ ಹೊರಟರೂ ನಡೆಯುತ್ತದೆ ಎಂಬ ಲೆಕ್ಕ ಇದರ ಹಿಂದಿದ್ದಿರಬೇಕು. ಅದೇ ಲೆಕ್ಕವನ್ನು ಅಂಗವಿಕಲರಿಗೂ ಹಾಕಿದಾಗ, ಅಂಗವಿಕಲರು ಒಂಬತ್ತಕ್ಕೆ ಕೆಲಸಕ್ಕೆ ಹಾಜರಾಗುವವರಲ್ಲ, ಕಾಲೇಜಿನ ಮೊದಲ ತರಗತಿಗೆ ಕೂರುವವರಲ್ಲ ಎಂದು ಸದ್ದಿಲ್ಲದೆ ಹೇಳಿದಂತಾಗುತ್ತದೆ. ನನಗೆ ದರಕ್ಕಿಂತ ಹೆಚ್ಚು ಚುಚ್ಚುವುದು ಈ ಊಹೆ. ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ 2025ರ ಆಗಸ್ಟ್ ತಿಂಗಳಿನಲ್ಲಿ ಈ ಗಡುವನ್ನು ಪ್ರಾಯೋಗಿಕವಾಗಿ ತೆಗೆದು ನೋಡಿದರು. ಆಗಸ್ಟ್ ಎಂದರೆ ಇಲ್ಲಿ ಶಾಲೆ ಕಾಲೇಜುಗಳಿಗೆ ಬೇಸಿಗೆ ರಜೆ, ಬೆಳಗಿನ ಬಸ್ಸುಗಳು ಖಾಲಿ ಓಡುವ ಕಾಲ; ಪ್ರಯೋಗಕ್ಕೆ ಸುಲಭದ ತಿಂಗಳನ್ನೇ ಆರಿಸಿಕೊಂಡರಲ್ಲ ಎಂದು ನಾವು ನಗುತ್ತಿದ್ದೆವು. ಆದರೂ ಒಪ್ಪಬೇಕು, ಮೇಯರ್ ಮನಸ್ಸು ಮಾಡಿದರೆ ತೆಗೆಯಬಹುದಾದ ಗಡುವು ಅದು ಎಂಬುದು ಎಲ್ಲರಿಗೂ ಗೊತ್ತಾಯಿತು.

ಯುವಜನರ ದೂರು ಗಡಿಯಾರದ ಇನ್ನೊಂದು ತುದಿಯದು. 2019ರ ಸೆಪ್ಟೆಂಬರ್‌ನಿಂದ ಇಲ್ಲಿ 16ರಿಂದ 18 ವರ್ಷದವರಿಗೆ ‘ಅವರ್ ಪಾಸ್’ ಇದೆ; ಒಮ್ಮೆ 10 ಪೌಂಡ್ ಕಟ್ಟಿದರೆ ಬಸ್ಸು ಉಚಿತ. ಮೇಯರ್ ಹುದ್ದೆ ಬಂದ ಮೇಲೆ ಯುವಕರ ಬದುಕಿನಲ್ಲಿ ಕಣ್ಣಿಗೆ ಕಾಣುವಂತೆ ಆದ ಒಳಿತು ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹತ್ತೊಂಬತ್ತಕ್ಕೆ ಕಾಲಿಟ್ಟವರಿಗೆ ಈ ಉಚಿತ ಪ್ರಯಾಣವಿಲ್ಲ, ಅದೇ ಸ್ಕಾಟ್ಲೆಂಡಿನಲ್ಲಿ 2022ರ ಜನವರಿಯಿಂದ 22 ವರ್ಷ ತುಂಬುವವರೆಗೂ ಬಸ್ಸು ಉಚಿತ. ಇಲ್ಲಿನವರಿಗೆ ಆ ಹೋಲಿಕೆ ಬಾಯಿಪಾಠವಾಗಿದೆ. ಅದಕ್ಕಿಂತ ದೊಡ್ಡ ತೊಂದರೆ ಹೊತ್ತಿನದು. ಹೋಟೆಲಿನ ಅಡುಗೆಮನೆಯಲ್ಲಿ ರಾತ್ರಿ ಹನ್ನೆರಡರವರೆಗೆ ಪಾತ್ರೆ ತೊಳೆಯುವ ಹುಡುಗನಿಗೆ, ಟ್ರಾಫರ್ಡ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಬೆಳಿಗ್ಗೆ ಆರಕ್ಕೆ ಪಾಳಿ ಹಿಡಿಯುವ ಹುಡುಗಿಗೆ ಪಾಸು ಜೇಬಿನಲ್ಲಿದ್ದರೂ ಹತ್ತಲು ಬಸ್ಸು ಬೇಕಲ್ಲ! 2024ರ ಸೆಪ್ಟೆಂಬರ್‌ನಲ್ಲಿ ವಿ1 ಮತ್ತು 36 ಎಂಬ ಎರಡು ಮಾರ್ಗಗಳಲ್ಲಿ ರಾತ್ರಿಯಿಡೀ ಗಂಟೆಗೊಂದು ಬಸ್ಸು ಪ್ರಾಯೋಗಿಕವಾಗಿ ಶುರುವಾಯಿತು, ಅದರಲ್ಲೊಂದು ನಮ್ಮ ಬೋಲ್ಟನ್ನಿಗೇ ಬರುತ್ತದೆ. ಮಾಮೂಲಿ ದರದಲ್ಲೇ ಹೋಗಬಹುದಾದ ಆ ಬಸ್ಸಿನಿಂದ ಉಳಿಯುವ ಟ್ಯಾಕ್ಸಿ ಹಣ ಪಾಳಿ ಕೆಲಸದವರ ಪಾಲಿಗೆ ಸಂಬಳ ಹೆಚ್ಚಿದಷ್ಟೇ ಸಮ. ಇಂಥ ಮಾರ್ಗ ಪ್ರತಿ ಪಟ್ಟಣಕ್ಕೂ ಬೇಕೆಂಬುದು ಯುವಜನರ ಕೇಳಿಕೆ.

ಅವರು ಇನ್ನೊಂದನ್ನೂ ಹೇಳುತ್ತಾರೆ, ಅದನ್ನು ಅಧಿಕಾರಿಗಳು ಅಷ್ಟು ಇಷ್ಟಪಟ್ಟು ಬರೆದುಕೊಳ್ಳುವುದಿಲ್ಲ. ಬಸ್ ನಿಲ್ದಾಣದಲ್ಲಿ ಸಮವಸ್ತ್ರದ ಸಿಬ್ಬಂದಿ ಬೇಕು ಎಂದು ಹುಡುಗಿಯರು ಕೇಳುತ್ತಾರೆ. ಆ ಸಿಬ್ಬಂದಿ ಬಂದ ಮೇಲೆ ಐದಾರು ಹುಡುಗರು ಗುಂಪಾಗಿ ನಿಂತರೆ ಸಾಕು, ಪುಂಡರೆಂದು ಚದುರಿಸುತ್ತಾರೆ ಎಂದು ಹುಡುಗರು ದೂರುತ್ತಾರೆ. ಎರಡೂ ನಿಜ. ಪೊಲೀಸರ ಮೇಲ್ವಿಚಾರಣೆಯೂ ಸಾರಿಗೆಯೂ ಒಬ್ಬರದೇ ಕೈಯಲ್ಲಿರುವುದರಿಂದ ಇದನ್ನು ಬಗೆಹರಿಸುವ ಹೊಣೆಯನ್ನು ಮೇಯರ್ ಬೇರೆಯವರ ಮೇಲೆ ಹಾಕುವಂತಿಲ್ಲ.

ರೈಲಿನ ಕಥೆ ಹೇಳದೆ ಮುಂದೆ ಹೋಗಲಾರೆ. ಟ್ರಾಮಿನ ಎಲ್ಲ 99 ನಿಲ್ದಾಣಗಳಿಗೂ ಮೆಟ್ಟಿಲಿಲ್ಲದೆ ಹೋಗಬಹುದು, ಟ್ರಾಮಿನ ನೆಲವೂ ಪ್ಲಾಟ್‌ಫಾರ್ಮೂ ಒಂದೇ ಮಟ್ಟ. ನಾನು ಅಲ್ಲಿ ಯಾರ ಸಹಾಯವನ್ನೂ ಕೇಳಿದ್ದಿಲ್ಲ. ರೈಲಿಗೆ ಹೋಗಬೇಕಾದರೆ ಎರಡು ಗಂಟೆ ಮೊದಲು ತಿಳಿಸಿ ನೆರವು ಕಾಯ್ದಿರಿಸಿ ಎನ್ನುತ್ತಾರೆ. ಮುಂಚಿತವಾಗಿ ತಿಳಿಸಿಯೇ ಹೋದ ಒಂದು ಸಂಜೆ ನನ್ನನ್ನು ಇಳಿಸಿಕೊಳ್ಳಲು ರ‍್ಯಾಂಪ್ ಹಿಡಿದು ಯಾರೂ ಬರಲಿಲ್ಲ. ಸಹಪ್ರಯಾಣಿಕರೊಬ್ಬರು ಬಾಗಿಲಿಗೆ ಕಾಲು ಅಡ್ಡವಿಟ್ಟು ನಿಂತು, ಮತ್ತೊಬ್ಬರು ಸಿಬ್ಬಂದಿಯನ್ನು ಹುಡುಕಿ ತಂದರು. ಅನೇಕ ಹಳೆಯ ನಿಲ್ದಾಣಗಳಲ್ಲಿ ಲಿಫ್ಟೇ ಇಲ್ಲ, ಎದುರಿನ ಪ್ಲಾಟ್‌ಫಾರ್ಮಿಗೆ ಮೆಟ್ಟಿಲ ಸೇತುವೆಯೊಂದೇ ದಾರಿ. ಎಂಟು ಉಪನಗರ ರೈಲು ಮಾರ್ಗಗಳನ್ನು 2028ರೊಳಗೆ ಬೀ ನೆಟ್‌ವರ್ಕಿಗೆ ಸೇರಿಸಿಕೊಳ್ಳುವ ಯೋಜನೆಯನ್ನು ಬರ್ನ್‌ಹ್ಯಾಮ್ ಅವರು ಪ್ರಕಟಿಸಿದ್ದಾರೆ. ರೈಲಿಗೆ ಹಳದಿ ಬಣ್ಣ ಬಳಿಯುವ ಮೊದಲು ಲಿಫ್ಟು ಹಾಕಿಸಿ ಎಂಬುದು ನಮ್ಮ ಮನವಿ.

ಕಾಲುದಾರಿಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಲಂಡನ್ನಿನಲ್ಲಿ ಕಾಲುದಾರಿಯ ಮೇಲೆ ಕಾರು ನಿಲ್ಲಿಸುವುದು 1974ರಿಂದ ನಿಷಿದ್ಧ, ಇಲ್ಲಿ ಹಾಗೆ ಸಾರಾಸಗಟು ನಿಷೇಧ ಬಂದಿಲ್ಲ. ನಡಿಗೆ ಮತ್ತು ಸೈಕಲ್ ಸವಾರಿಯ ಆಯುಕ್ತರನ್ನಾಗಿ 2022ರಲ್ಲಿ ನೇಮಕಗೊಂಡವರು ಪ್ಯಾರಾಲಿಂಪಿಕ್ ಚಿನ್ನದ ಸರದಾರಿಣಿ ಸಾರಾ ಸ್ಟೋರಿ. ನಮ್ಮ ಕಷ್ಟವನ್ನು ಅವರಿಗೆ ಮೊದಲಿನಿಂದ ವಿವರಿಸಬೇಕಾಗಿಲ್ಲ, ಅದೇ ಒಂದು ನೆಮ್ಮದಿ.

ಹಾಗಾದರೆ ನಮ್ಮ ಮಾತನ್ನು ಕೇಳಿಸಿಕೊಳ್ಳುವ ಏರ್ಪಾಡು ಇಲ್ಲವೇ ಎಂದರೆ, ಇದೆ. 1985ರಲ್ಲಿ ಸ್ಥಾಪನೆಯಾದ, ಅಂಗವಿಕಲರೇ ನಡೆಸುವ ಗ್ರೇಟರ್ ಮ್ಯಾಂಚೆಸ್ಟರ್ ಅಂಗವಿಕಲರ ಒಕ್ಕೂಟ ಒಂದು ಸಲಹಾ ಮಂಡಳಿಯನ್ನು ನಡೆಸುತ್ತದೆ; ಹದಿಹರೆಯದವರಿಗೆ ಯುವ ಸಂಯುಕ್ತ ಪ್ರಾಧಿಕಾರ ಎಂಬ ವೇದಿಕೆಯಿದೆ; 2021ರಿಂದ ಪ್ರೌಢಶಾಲಾ ಮಕ್ಕಳ ಕ್ಷೇಮ ವಿಚಾರಿಸುವ ‘ಬೀವೆಲ್’ ಸಮೀಕ್ಷೆಯೂ ನಡೆಯುತ್ತಿದೆ. ಬೇರೆ ಪ್ರದೇಶಗಳಿಗೆ ಹೋಲಿಸಿದರೆ ಇದು ಒಳ್ಳೆಯ ಏರ್ಪಾಡೇ. ತಕರಾರಿರುವುದು ಕರೆಯುವ ಸಮಯದ ಬಗ್ಗೆ. ನಕ್ಷೆ ಸಿದ್ಧವಾಗಿ, ಗುತ್ತಿಗೆಗೆ ಸಹಿಯೂ ಬಿದ್ದ ಮೇಲೆ ಸಭೆಗೆ ಕರೆದು, ಆಸನದ ಬಟ್ಟೆಯ ಬಣ್ಣ ಹೇಗಿದೆ ಎಂದು ಕೇಳಿದರೆ ನಾವು ಏನೆಂದು ಹೇಳಬೇಕು? ಗುತ್ತಿಗೆಯ ಕರಡು ಬರೆಯುವ ಮೇಜಿನಲ್ಲಿ ಕುರ್ಚಿ ಬೇಕು. ನನಗೆ ಕುರ್ಚಿಯೂ ಬೇಡ, ನಾನು ನನ್ನದನ್ನೇ ತರುತ್ತೇನೆ.

ಮತದಾನದ ಬಾಗಿಲಲ್ಲೂ ಒಂದು ವಿಚಿತ್ರವಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯ ಪಾಸ್‌ಪೋರ್ಟಿನವರಿಗೂ ಮೇಯರ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿದೆ. ಈ ವಿಷಯ ತಿಳಿಯದೆ ಹೆಸರು ನೋಂದಾಯಿಸದ ಕನ್ನಡಿಗರನ್ನು ನಾನು ಈಗಲೂ ಭೇಟಿಯಾಗುತ್ತಿರುತ್ತೇನೆ. 2023ರಿಂದ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. 2024ರ ಮೇಯರ್ ಚುನಾವಣೆಯಲ್ಲಿ ನಾನು ತೋರಿಸಿದ ಅಂಗವಿಕಲರ ಬಸ್ ಪಾಸನ್ನು ಒಪ್ಪಿದರು, ಹಿರಿಯರ ಪಾಸೂ ನಡೆಯುತ್ತಿತ್ತು. ಆದರೆ ರೈಲು ದರದಲ್ಲಿ ರಿಯಾಯಿತಿ ಕೊಡುವ ಯುವಜನರ ರೈಲ್‌ಕಾರ್ಡಿನಲ್ಲಿ ಅಂಥದೇ ಭಾವಚಿತ್ರವಿದ್ದರೂ ಅದು ಆಗ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ನನ್ನ ವಯಸ್ಸಿನ ಗೆಳೆಯರ ನಡುವೆ ಅಂಗವೈಕಲ್ಯದಿಂದ ನನಗೆ ಅನುಕೂಲವಾದ ಅಪರೂಪದ ದಿನ ಅದಾಯಿತು. ಆ ಚುನಾವಣೆಯಲ್ಲಿ ಮತ ಹಾಕಿದವರು ಒಟ್ಟು ಮತದಾರರಲ್ಲಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಚೀಟಿಯ ನಿಯಮ ಮೇಯರ್ ಅವರದಲ್ಲ, ನಿಜ. ಆದರೆ ಆ ನಿಯಮ ಬದಲಾಗಲಿ ಎಂದು ಲಂಡನ್ನಿನ ಮೇಲೆ ಒತ್ತಡ ತರುವ ದೊಡ್ಡ ದನಿ ಅವರಿಗಿದೆ.

ಕೊನೆಯದಾಗಿ, ಕಳೆದ ಸಭೆಯಲ್ಲಿ ನಾನು ಬರೆದುಕೊಟ್ಟ ಬೇಡಿಕೆಯನ್ನು ನಿಮ್ಮ ಮುಂದೆಯೂ ಇಡುತ್ತೇನೆ. ಬಸ್ಸುಗಳು ಎಷ್ಟರಮಟ್ಟಿಗೆ ಸಮಯಕ್ಕೆ ಸರಿಯಾಗಿ ಓಡಿದವು ಎಂಬ ಅಂಕಿ ಅಂಶವನ್ನು ಇಲ್ಲಿ ನಿಯಮಿತವಾಗಿ ಪ್ರಕಟಿಸುತ್ತಾರೆ. ಅದರ ಪಕ್ಕದಲ್ಲೇ, ರ‍್ಯಾಂಪ್ ಕೆಟ್ಟಿದ್ದರಿಂದಲೋ ಜಾಗವಿಲ್ಲದ್ದರಿಂದಲೋ ಗಾಲಿಕುರ್ಚಿಯವರನ್ನು ಹತ್ತಿಸಿಕೊಳ್ಳದೆ ಹೋದ ಬಸ್ಸುಗಳೆಷ್ಟು, ಯಾವ ಮಾರ್ಗದಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನೂ ಪ್ರಕಟಿಸಲಿ. ಬಸ್ಸು ತಡವಾದರೆ ಕಂಪನಿಯಿಂದ ಹಣ ಹಿಡಿಯುವಂತೆ ಇದಕ್ಕೂ ಹಿಡಿಯಲಿ. ಚಾಲಕನ ಮುಂದಿರುವ ಯಂತ್ರದಲ್ಲಿ ಅದಕ್ಕೆ ಒಂದು ಗುಂಡಿ ಸೇರಿಸಿದರೆ ಸಾಕು. ಪರಿಶೀಲಿಸುತ್ತೇವೆ ಎಂದಿದ್ದಾರೆ. ಉತ್ತರ ಬಂದ ಕೂಡಲೇ, ಅದು ಯಾವ ಬಗೆಯದೇ ಆಗಿರಲಿ, ಇದೇ ಚಾನೆಲ್ಲಿನಲ್ಲಿ ಪೂರ್ತಿಯಾಗಿ ಓದಿ ಹೇಳುತ್ತೇನೆ.